ಕಾಪುವಿನ ಅಣ್ಣನಿಗೆ: ಇನ್ನೊಂದು ಸಾಕ್ಸ್ ಏರಿಸುವ ಮೊದಲು ಇದನ್ನು ಓದಿ

ಕೃತಕ ಕಾಲಿನ ಸಾಕೆಟ್ (ಉಳಿದ ಕಾಲು ಕೂರುವ ಗಟ್ಟಿ ಬಟ್ಟಲು) ಲೂಸ್ ಆಗಿದೆ, ಸಾಕ್ಸಿನ ಮೇಲೆ ಸಾಕ್ಸ್ ಹಾಕಿ ನಡೀತಿದ್ದೇನೆ, ಸ್ಟಂಪಿನ (ಕತ್ತರಿಸಿ ಉಳಿದ ಕಾಲಿನ) ತುದಿ ಕೆಂಪಾಗ್ತದೆ, ಕಾಲು ಮಾಡುವವರನ್ನು ಕೇಳಿದ್ರೆ "ಅಭ್ಯಾಸ ಆಗ್ತದೆ, ತಡ್ಕೊಳ್ಳಿ" ಅಂತಾರೆ ಅಂತ ಬರೆದಿದ್ದೀರಿ. ಮಾರಾಯ್ರೆ, ಆ ತಡ್ಕೊಳ್ಳುವ ಕೆಲಸ ನಾನು ಪೂರ್ತಿ ಮಾಡಿ ಮುಗಿಸಿದ್ದೇನೆ. ನಿಮಗೆ ಬೇಡ.

ನಂದು ಕತ್ತರಿಸಿದ್ದು ಎಡಗಾಲು, ಮೊಣಗಂಟಿನ ಕೆಳಗೆ. ಎಂಟನೇ ತಿಂಗಳಲ್ಲಿ ನಿಮ್ಮದೇ ಕಥೆ. ಮೊದಲ ವರ್ಷ ಸ್ಟಂಪ್ ಕರಗ್ತಾ ಹೋಗ್ತದೆ, ಸಾಕೆಟ್ ಕರಗುದಿಲ್ಲ. ಕಾಲು ಒಳಗೆ ಇಳಿದು, ಮೊಣಗಂಟಿನ ಚಿಪ್ಪಿನ ಕೆಳಗೆ ಬೀಳಬೇಕಾದ ಭಾರ ಮೂಳೆಯ ತುದಿಗೆ ಬೀಳ್ತದೆ. ಕಾರ್ಕಳದಲ್ಲಿ ಚಿಕ್ಕಪ್ಪನ ಮಗಳ ಮದುವೆ. "ಕಾಲಿಲ್ಲದವ ನೋಡಿ, ಹೇಗೆ ಬಡಿಸ್ತಾನೆ" ಅನ್ನಿಸಿಕೊಳ್ಳುವ ಚಪಲ ನನಗೆ. ಮೂರು ಪಂಕ್ತಿ ಬಡಿಸಿದೆ. ಸಂಜೆ ಬಿಚ್ಚುವಾಗ ಸಾಕ್ಸ್ ಚರ್ಮಕ್ಕೆ ಅಂಟಿತ್ತು. ಆಮೇಲೆ ಹನ್ನೊಂದು ವಾರ ಕ್ರಚಸ್. ಗಾಯ ಮಾಗುವಷ್ಟರಲ್ಲಿ ಸ್ಟಂಪಿನ ಆಕಾರವೇ ಬೇರೆ, ಸಾಕೆಟ್ ಗುಜರಿಗೆ.

ಅದಕ್ಕೆ ಮೊದಲು ಮೂರು ಸಲ ಕಾಲು ಮಾಡುವವರಿಗೆ ತೋರಿಸಲಿಕ್ಕೆ ಹೋಗಿದ್ದೆ. "ಹೇಗುಂಟು?" ಅಂದ್ರೆ ಮೂರು ಸಲವೂ "ಪರವಾಗಿಲ್ಲ ಸಾರ್" ಅಂದು ಎದ್ದು ಬಂದವ ನಾನೇ.

ನಾಲ್ಕನೇ ಸಲ ಹೆಂಡತಿಯ ಲಿಪ್‌ಸ್ಟಿಕ್ ಹಿಡ್ಕೊಂಡು ಹೋದೆ. ನಗಬೇಡಿ. ನೋವಾಗುವ ಜಾಗದಲ್ಲಿ ಸಾಕ್ಸಿನ ಹೊರಗೆ ಸ್ವಲ್ಪ ಹಚ್ಚಿ, ಕಾಲು ಹಾಕಿ, ನಾಲ್ಕು ಹೆಜ್ಜೆ ನಡೆದು ಬಿಚ್ಚಿ. ಸಾಕೆಟಿನ ಒಳಗೆ ಎಲ್ಲಿ ಒತ್ತುತ್ತದೋ ಅಲ್ಲಿ ಬಣ್ಣ. ತುದಿ ತಳಕ್ಕೆ ತಾಗ್ತದಾ ಅಂತ ನೋಡ್ಲಿಕ್ಕೆ ಮಕ್ಕಳು ಆಡುವ ಕ್ಲೇಯ ಒಂದು ಉಂಡೆ ತಳದಲ್ಲಿಟ್ಟು ನಿಲ್ಲಿ. ಅದು ರೊಟ್ಟಿಯ ಹಾಗೆ ಚಪ್ಪಟೆಯಾದ್ರೆ ವಾದವೇ ಬೇಡ. ಇದು ನನ್ನ ಸಂಶೋಧನೆ ಅಲ್ಲ, ಕಾಲು ಮಾಡುವವರೇ ಮಾಡುವ ಪರೀಕ್ಷೆ. ಚರ್ಮ ಒಡೆದಿದ್ರೆ ಮಾತ್ರ ಇದ್ಯಾವುದೂ ಬೇಡ, ಕಾಲೇ ಹಾಕಬೇಡಿ, ಮೊದಲು ಡಾಕ್ಟರಿಗೆ ತೋರಿಸಿ. ಶುಗರ್ ಇದ್ರಂತೂ ನೋವು ಗೊತ್ತೇ ಆಗದೆ ಇರಬಹುದು, ದಿನಾ ಕನ್ನಡಿ ಹಿಡಿದು ನೋಡಿ.

ಜೊತೆಗೆ ಫೋಟೋ. ಬಿಚ್ಚಿದ ಕೂಡಲೇ ಒಂದು, 15 ನಿಮಿಷ ಬಿಟ್ಟು ಇನ್ನೊಂದು. ಕೆಂಪು ಹೋದ್ರೆ ಸಹಜ, ಉಳಿದ್ರೆ ಸಹಜ ಅಲ್ಲ. ನಮ್ಮ ಹಾಗೆ ಕಪ್ಪು ಮೈಯವರಿಗೆ ಬಣ್ಣಕ್ಕಿಂತ ಬಿಸಿ ಮುಟ್ಟಿ ನೋಡುದೇ ಲೇಸು. ಬೆಳಿಗ್ಗೆ ಎಷ್ಟು ಪ್ಲೈ (ಸಾಕ್ಸಿನ ದಪ್ಪದ ಲೆಕ್ಕ), ಸಂಜೆ ಎಷ್ಟು ಪ್ಲೈ ಬರೆದಿಡಿ. ಒಟ್ಟು 10-15 ಪ್ಲೈ ಮುಟ್ಟಿತು ಅಂದ್ರೆ ಸಾಕ್ಸಿನ ಆಟ ಮುಗೀತು, ಸಾಕೆಟ್ ಬದಲಿಸುವ ಮಾತಾಡಿ. "ನೋವುಂಟು" ಅಂದ್ರೆ ಮಾತ್ರೆ ಕೊಡ್ತಾರೆ. "ಇನ್ನೂರು ಹೆಜ್ಜೆ ಆದ ಮೇಲೆ ಇಲ್ಲಿ" ಅಂತ ಬೆರಳಿಟ್ಟು ತೋರಿಸಿದ್ರೆ ಸಾಕೆಟ್ ತಗೊಂಡು ಒಳಗೆ ಹೋಗ್ತಾರೆ. ಪ್ಯಾಂಟ್ ಹಾಕ್ಕೊಂಡು ಹೋಗಬೇಡಿ, ಮುಂಡು ಉಟ್ಟು ಹೋಗಿ. ಮಾತಾಡಲಿಕ್ಕೆ ಅಂಜಿಕೆ ಆದ್ರೆ ತಂಗಿಯನ್ನೋ ಅತ್ತಿಗೆಯನ್ನೋ ಕರ್ಕೊಂಡು ಹೋಗಿ, ಅವರು ಬಿಡುದಿಲ್ಲ.

ಆಪರೇಷನಿನ ಕಾಗದ ಕೊಡ್ಲಿಕ್ಕೆ ಆಸ್ಪತ್ರೆಯವರು ಸತಾಯಿಸ್ತಾರೆ ಅಂದ್ರಲ್ಲ, ಬಾಯಲ್ಲಿ ಕೇಳಬೇಡಿ. ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಮೆಡಿಕಲ್ ಕೌನ್ಸಿಲಿನ 2002ರ ನಿಯಮದಲ್ಲಿ ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಉಂಟು.

ಬ್ರ್ಯಾಂಡಿನ ಜಗಳ ಆಮೇಲೆ ಮಾಡುವ. ಕೃತಕ ಕಾಲಿನ ಕಂಪೆನಿಗಳಲ್ಲಿ ಒಟ್ಟೋಬಾಕ್ ದೊಡ್ಡದಾ ಒಸ್ಸುರ್ ದೊಡ್ಡದಾ ಅಂತ ಮೇಲೆ ಇಪ್ಪತ್ತು ಕಮೆಂಟ್ ಉಂಟು, ಒಬ್ಬರಾದ್ರೂ ಸಾಕೆಟ್ ಕೂತಿದೆಯಾ ಅಂತ ಕೇಳಿದ್ರಾ? ಸಾಕೆಟ್ ಸರಿ ಇಲ್ಲದೆ ಕಾರ್ಬನ್ ಪಾದ ಹಾಕುದು ಅಡಿಪಾಯ ಇಲ್ಲದ ಮನೆಗೆ ಮಾರ್ಬಲ್ ಹಾಕಿದ ಹಾಗೆ. ನನ್ನ ಕೇಳಿದ್ರೆ ಗದ್ದೆಗೆ, ತೋಟಕ್ಕೆ, ಬರಿಗಾಲಲ್ಲಿ ನಡೀಲಿಕ್ಕೆ ರಬ್ಬರಿನ ಜೈಪುರ ಪಾದವೇ ಸೈ.

ಹಾಂ, ಚಪ್ಪಲಿ. ಅಲೈನ್‌ಮೆಂಟ್ (ಕಾಲಿನ ಓರೆ-ನೇರ ಹೊಂದಿಸುದು) ಮಾಡುವ ದಿನ ನೀವು ದಿನಾ ಹಾಕುವುದನ್ನೇ ಹಾಕ್ಕೊಂಡು ಹೋಗಿ. ಹಿಮ್ಮಡಿ ಎತ್ತರ ಬದಲಾದ್ರೆ ಮೊಣಗಂಟು ಮುಂದಕ್ಕೋ ಹಿಂದಕ್ಕೋ ತಳ್ತದೆ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಅಂಗಳದಲ್ಲಿ ಅಷ್ಟೇ ಸಾಕು ಬೀಳ್ಲಿಕ್ಕೆ. ಲೈನರ್ (ಸಾಕೆಟಿನ ಒಳಗೆ ಸ್ಟಂಪಿಗೆ ಹಾಕುವ ಮೆತ್ತನೆ ಕವಚ) ದಿನಾ ರಾತ್ರಿ ಸಾದಾ ಸೋಪಿನಲ್ಲಿ ತೊಳೆದು ನೆರಳಿನಲ್ಲಿ ಒಣಗಿಸಿ. ನಮ್ಮ ಕರಾವಳಿಯ ಬೆವರಿಗೆ ಒಂದು ದಿನ ತಪ್ಪಿದ್ರೆ ಗುಳ್ಳೆ ಏಳ್ತದೆ. ಪೌಡರ್ ಸುರಿಯುದು ಬೇಡ, ಬೆವರು ಸೇರಿ ಗಂಟು ಕಟ್ತದೆ.

ಈಗ ನೀವು ಹಾಕಿದ್ದು ಒಟ್ಟು ಎಷ್ಟು ಪ್ಲೈ ಅಂತ ಬರೀರಿ. "ಐದು ಸಾಕ್ಸ್" ಅಂದ್ರೆ ಏನೂ ಗೊತ್ತಾಗುದಿಲ್ಲ.