ಪಿಟೀಲು ಬಿಟ್ಟುಬಿಡಲಾ?

ಪ್ರಶ್ನೆ: ನನಗೆ 44 ವರ್ಷ. ಪಿಟೀಲು ಕಲಿಯಲು ಸೇರಿ ಒಂದು ವರ್ಷವಾಯಿತು. ಇನ್ನೂ ಮೊದಲ ಪಾಠವಾದ ಸರಳೆ ವರಸೆಯೇ ಅಪಸ್ವರ. ಜೊತೆಗೆ ಸೇರಿದ ಮಕ್ಕಳು ಮುಂದಿನ ಪಾಠ ಗೀತೆಗೆ ಹೋದರು. ಅಕ್ಕಪಕ್ಕದವರಿಗೆ ಕೇಳುತ್ತದೆಂದು ನಾಚಿಕೆ. ನನಗೆ ಸಂಗೀತ ಜ್ಞಾನವೇ ಇಲ್ಲವೇನೋ. ಬಿಟ್ಟುಬಿಡಲಾ?
– ಓದುಗಿ, ಶಿವಮೊಗ್ಗ

ಉತ್ತರ: ಅಪಸ್ವರ ಅಂತ ನಿಮಗೇ ಗೊತ್ತಾಗುತ್ತಿದೆ ಅಲ್ವಾ? ಜ್ಞಾನ ಇಲ್ಲದವರಿಗೆ ಅದು ಕೇಳಿಸುವುದೇ ಇಲ್ಲ ತಾಯಿ. ನಿಮ್ಮ ಕಿವಿ ಬೆರಳಿಗಿಂತ ಮುಂದಿದೆ, ಅಷ್ಟೇ.

ವೀಣೆಗೆ ಸ್ವರದ ಜಾಗ ತೋರಿಸುವ 24 ಮೆಟ್ಟುಗಳಿವೆ. ಪಿಟೀಲಿನಲ್ಲಿ ಬೆರಳಿಡಲು ಗುರುತೇ ಇಲ್ಲ. ಸಾಲದ್ದಕ್ಕೆ ನಾವು ಶುರು ಮಾಡುವುದು ಮಾಯಾಮಾಳವಗೌಳ ರಾಗದಿಂದ. ಅಲ್ಲಿ ರಿ ಷಡ್ಜಕ್ಕೆ, ಅಂದರೆ ಸ ಸ್ವರಕ್ಕೆ ಅಂಟಿಕೊಂಡಿದೆ, ಗ ದೂರ, ಮ ಮತ್ತೆ ಗ ಪಕ್ಕದಲ್ಲೇ. ಮೊದಲ ಎರಡು ಬೆರಳುಗಳ ನಡುವೆ ಅಷ್ಟು ಅಗಲ ಬಿಡಲು ಹೊಸ ಕೈ ಒಪ್ಪುವುದಿಲ್ಲ. ನನ್ನ ಹತ್ತಿರ ಬರುವವರೂ ಗ ಇಳಿಸಿಯೇ ನುಡಿಸುತ್ತಾರೆ. ನಿಮ್ಮದೂ ಅಲ್ಲೇ ತಪ್ಪುತ್ತಿರಬೇಕು, ನೋಡಿ.

ಸ್ವಲ್ಪ ದಿನ ವರಸೆ ಪಕ್ಕಕ್ಕಿಡಿ. ತಂಬೂರಿ ಆ್ಯಪ್ ಹಾಕಿಕೊಂಡು ಸುಮ್ನೆ ಕೇಳಿ. ಶ್ರುತಿ ಸೇರಿದ ತಂಬೂರಿಯ ನಾದದೊಳಗೆ ಅಂತರ ಗಾಂಧಾರ, ಅಂದರೆ ನಿಮಗೆ ಬೇಕಾದ ಅದೇ ಗ, ತಾನಾಗಿಯೇ ಕೇಳುತ್ತದೆ. ಅದನ್ನು ಬಾಯಲ್ಲಿ ಹಾಡಿ, ಆಮೇಲೆ ಬೆರಳಿಡಿ. ಕಮಾನನ್ನು ಪೂರ್ತಿ ಎಳೆಯಿರಿ. ಸ ರಿ ಗ ಮ, ಒಂದನೇ ಕಾಲದಲ್ಲಿ, ಅಂದರೆ ನಿಧಾನವಾಗಿ ಮಾತ್ರ. ಮೂರನೇ ಕಾಲದ ವೇಗದ ಆಸೆ ಈಗಲೇ ಬೇಡ.

ಅಕ್ಕಪಕ್ಕದವರ ಚಿಂತೆಗೆ ಪಿಟೀಲಿನ ಕುದುರೆಗೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಒಂದು ರಬ್ಬರ್ ಮ್ಯೂಟ್ ಸಿಕ್ಕಿಸಿ, ದನಿ ತಗ್ಗುತ್ತದೆ. (ಪಿಟೀಲು ವಿದ್ವಾನ್ ಚೌಡಯ್ಯನವರು ದನಿ ಜಾಸ್ತಿಯಾಗಲಿ ಅಂತ ಏಳು ತಂತಿ ಹಾಕಿಸಿಕೊಂಡರು!) ಆ ಮಕ್ಕಳ ಗೀತೆಯಲ್ಲೂ ಗ ಎಲ್ಲಿ ಬೀಳುತ್ತಿದೆ ಅಂತ ಒಮ್ಮೆ ಕಿವಿಗೊಟ್ಟು ಕೇಳಿ.