ಕನ್ನಡ ಮಾಧ್ಯಮದ ಜೂನಿಯರ್‌ಗಳಿಗೆ ಸೀನಿಯರ್‌ಗಳು ಏನು ಮಾಡಬಹುದು?

ಕನ್ನಡ ಮಾಧ್ಯಮದಿಂದ ಬಂದ ಎಂಬಿಬಿಎಸ್ ಜೂನಿಯರ್‌ಗಳು ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಬಾಯೇ ಬಿಡುವುದಿಲ್ಲ, ಏನು ಮಾಡೋಣ ಅಂತ ಕೇಳಿದ್ದೀರಿ. ಎಷ್ಟೋ ಸಲ ಅವರಿಗೆ ವಿಷಯ ಗೊತ್ತಿರುತ್ತದೆ, ಇಂಗ್ಲಿಷ್‌ನಲ್ಲಿ ಹೇಳಲು ಹೆದರಿಕೆ ಅಷ್ಟೇ. ಸಂಜೆ ಹಾಸ್ಟೆಲ್‌ನಲ್ಲಿ ಹ್ಯೂಮರಸ್, ಅಂದರೆ ತೋಳಿನ ಮೂಳೆ, ಅವರ ಕೈಗೆ ಕೊಡಿ. ಇದು ಎಡಗೈಯದೋ ಬಲಗೈಯದೋ, ಹೇಗೆ ಗೊತ್ತಾಯಿತು ಅಂತ ಕೇಳಿ. ಮೂಳೆಯ ಗುಂಡನೆಯ ತಲೆ ಮೇಲ್ತುದಿಯಲ್ಲಿದ್ದು, ದೇಹದ ಒಳಗಡೆಗೆ ತಿರುಗಿರಬೇಕು. ಕೆಳತುದಿಯ ದೊಡ್ಡ ಗುಳಿ ಹಿಂದಕ್ಕಿರಬೇಕು. ಮೊದಲು ಕನ್ನಡದಲ್ಲೇ ಹೇಳಲಿ, ಆಮೇಲೆ ಇಂಗ್ಲಿಷ್‌ನಲ್ಲಿ.

2019ರ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಬಂದ ಫೌಂಡೇಶನ್ ಕೋರ್ಸ್‌ನಲ್ಲಿ (ಹೊಸಬರಿಗೆ ಆರಂಭದಲ್ಲಿ ನಡೆಸುವ ತಯಾರಿ ತರಗತಿಗಳಲ್ಲಿ) ಭಾಷಾ ಕಲಿಕೆಯೂ ಇದೆ. ಅದನ್ನು ಸುಮ್ನೆ ಮುಗಿಸದೆ ವರ್ಷವಿಡೀ ನಡೆಸಿ ಅಂತ ಕಾಲೇಜಿಗೆ ಬರೆದುಕೊಡಿ. ವಾರ್ಡಿನಲ್ಲಿ ಈ ಜೂನಿಯರ್‌ಗಳನ್ನು ಕನ್ನಡ ಬಾರದ ಹೊರರಾಜ್ಯದ ವಿದ್ಯಾರ್ಥಿಗಳ ಜೊತೆ ಜೋಡಿ ಮಾಡಿ. ರೋಗಿಯ ಕನ್ನಡ ಮಾತನ್ನು ಅವರಿಗೆ ಈ ಜೂನಿಯರ್‌ಗಳೇ ಅರ್ಥಮಾಡಿಸಲಿ.

ಇನ್ನೊಂದು, ಇದು ನನಗೆ ಎಲ್ಲಕ್ಕಿಂತ ಮುಖ್ಯ: "ರ‍್ಯಾಂಕ್ ಎಷ್ಟು, ಯಾವ ಕೋಟಾ?" ಅಂತ ಹೊಸಬರನ್ನು ಕೇಳುವುದನ್ನು ನಿಮ್ಮ ಬ್ಯಾಚ್ ಇವತ್ತೇ ನಿಲ್ಲಿಸಲಿ.