‘ಡಿಲೈಟ್’ ಒಳಗೆ ‘ಲೈಟ್’ ಬಂದದ್ದು ಹೇಗೆ?

ಪ್ರಶ್ನೆ: ಆನಂದ ಅನ್ನುವ ಅರ್ಥದ ಇಂಗ್ಲಿಷ್ ಪದ ಡಿಲೈಟ್ ಅಂದರೆ ಒಳಗಿನ ಬೆಳಕು, ಅದಕ್ಕೇ ಆ ಪದದಲ್ಲಿ ‘ಲೈಟ್’ ಇದೆ ಅಂತ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಬಂತು. ಮಗಳು ಅದನ್ನೇ ಶಾಲೆಯ ಭಾಷಣದಲ್ಲಿ ಹೇಳ್ತೀನಿ ಅಂತಿದ್ದಾಳೆ. ನಿಜವೇ ಸರ್?

ಉತ್ತರ: ನಿಜವಲ್ಲ. ಭಾಷಣಕ್ಕೆ ಮುಂಚೆಯೇ ಕೇಳಿದ್ದು ಒಳ್ಳೆಯದಾಯಿತು.

ಬೆಳಕಿನ ಲೈಟ್ ಇಂಗ್ಲಿಷಿನ ಸ್ವಂತ ಪದ, ಜರ್ಮನ್ ಭಾಷೆಯ ‘ಲಿಖ್ಟ್’ ಅದರ ಒಡಹುಟ್ಟು. ಡಿಲೈಟ್ ಹಾಗಲ್ಲ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡ್ ಗೆದ್ದ ಮೇಲೆ ಫ್ರೆಂಚ್ ಪದಗಳು ರಾಶಿ ರಾಶಿಯಾಗಿ ಇಂಗ್ಲಿಷಿಗೆ ಬಂದವು, ಇದೂ ಫ್ರೆಂಚಿನಿಂದಲೇ ಬಂದದ್ದು. ಅದಕ್ಕೂ ಹಿಂದೆ ಹೋದರೆ ಲ್ಯಾಟಿನ್‌ನ ‘ಡೆಲೆಕ್ಟಾರೆ’ ಸಿಗುತ್ತದೆ. ಅದರ ಬೇರಿನಲ್ಲಿರುವ ಅರ್ಥ ಆಸೆ ತೋರಿಸಿ ಸೆಳೆಯುವುದು. ಬಾಯಲ್ಲಿ ನೀರೂರಿಸುವ ಡಿಲಿಷಿಯಸ್, ಡಿಲೆಕ್ಟಬಲ್ ಎರಡೂ ಇದೇ ಬಳಗ. ಖುಷಿಗೋಸ್ಕರ ಕಲೆಯಲ್ಲಿ ಕೈಯಾಡಿಸುವವನನ್ನು ‘ಡಿಲೆಟಾಂಟ್’ ಅನ್ನುತ್ತಾರಲ್ಲ, ಅದೂ ಇಟಲಿಯ ದಾರಿಯಲ್ಲಿ ಬಂದ ನೆಂಟ. ನನಗಂತೂ ಈ ‘ಸೆಳೆತ’ದ ಕತೆ ಬೆಳಕಿನ ಕತೆಗಿಂತ ಜಾಸ್ತಿ ಇಷ್ಟ.

ಹಾಗಾದರೆ ಡಿಲೈಟ್‌ನ ಇಂಗ್ಲಿಷ್ ಸ್ಪೆಲಿಂಗ್ (delight) ನಡುವೆ ಆ ಜಿ, ಎಚ್ ಎಲ್ಲಿಂದ ಬಂತು? ಮೊದಲು ಇರಲೇ ಇಲ್ಲ. 14ನೇ ಶತಮಾನದ ಕೊನೆಯಲ್ಲಿ ಇಂಗ್ಲಿಷ್ ಕವಿ ಚಾಸರ್ ಬರೆದ ಕ್ಯಾಂಟರ್‌ಬರಿ ಕತೆಗಳಲ್ಲಿ ಈ ಪದ ಡಿ-ಇ-ಎಲ್-ಐ-ಟಿ, ಅಷ್ಟೇ. ಆಗಿನ ಉಚ್ಚಾರ ಹೆಚ್ಚು ಕಮ್ಮಿ ‘ಡೆಲೀಟ್’. (ಕಂಪ್ಯೂಟರಿನ ಡಿಲೀಟ್ ಬೇರೆ, ಅದರ ಲ್ಯಾಟಿನ್ ಮೂಲವೇ ಬೇರೆ.) ಲೈಟ್, ನೈಟ್ ಪದಗಳಲ್ಲಿ ಆ ಜಿ-ಎಚ್ ಸುಮ್ನೆ ಕೂತಿರಲಿಲ್ಲ, ಗಂಟಲಿನಿಂದ ಬರುವ ‘ಖ್’ ತರಹದ ಒಂದು ಸದ್ದು ಅದಕ್ಕಿತ್ತು, ಜರ್ಮನ್ನರು ರಾತ್ರಿಗೆ ‘ನಾಖ್ಟ್’ ಅನ್ನುವಾಗ ಇವತ್ತಿಗೂ ಅದು ಕೇಳಿಸುತ್ತದೆ. ಇಂಗ್ಲಿಷಿನಲ್ಲಿ ಆ ಸದ್ದು ಮೆಲ್ಲಗೆ ಸವೆದು ಹೋಯಿತು, ಅದರ ಹಿಂದಿನ ‘ಇ’ ಉದ್ದವಾಗಿ ‘ಲೀಟ್’ ಆಯಿತು. ಆಗ ಲೀಟ್, ಡೆಲೀಟ್ ಎರಡಕ್ಕೂ ಪ್ರಾಸ ಕೂಡಿತು. ಮುಂದೆ ಇಂಗ್ಲಿಷಿನ ದೀರ್ಘ ‘ಈ’ ಎಲ್ಲ ಕಡೆ ‘ಐ’ ಕಡೆಗೆ ಜಾರಿದಾಗ ಎರಡೂ ಜೊತೆಯಲ್ಲೇ ಜಾರಿದವು. ಕಿವಿಗೆ ಒಂದೇ ಥರ ಕೇಳಿದ ಮೇಲೆ ಬರೆಯುವವರ ಕೈ ಸುಮ್ಮನಿರುತ್ತದಾ? 16ನೇ ಶತಮಾನದಲ್ಲಿ ಲೈಟ್ ನೋಡಿ ಡಿಲೈಟ್‌ಗೂ ಜಿ-ಎಚ್ ಸೇರಿಸಿದರು, ಅದೇ ಉಳಿಯಿತು.

ಮಗಳು ಭಾಷಣ ಬಿಡುವುದು ಬೇಡ. ಈ ಕತೆಯನ್ನೇ ಹೇಳಲಿ. ಇನ್ನೊಂದು ಉದಾಹರಣೆ ಬೇಕಿದ್ದರೆ ‘ಸ್ಪ್ರೈಟ್ಲಿ’ ಇದೆ. ಚುರುಕು ಅನ್ನುವ ಅರ್ಥದ ಆ ಪದ ಲ್ಯಾಟಿನ್‌ನ ‘ಸ್ಪಿರಿಟಸ್’ನಿಂದ ಬಂದದ್ದು, ಅದರ ಜಿ-ಎಚ್ ಕೂಡ ಹೀಗೇ ನಡುವೆ ನುಸುಳಿದ್ದು.